ಮೂಸಣ್ಣನ ಫ್ಲಾಸ್ಕು

ಮಾರುವವರ ಬಾಯಿ ಮುಚ್ಚಿಸಲು ಮೂಸಣ್ಣ ಕಂಡುಕೊಂಡಿದ್ದ ಉಪಾಯ ಕಾಫಿ. ಹಳೆ ಕಾರು ನೋಡಲು ಎಲ್ಲಿಗೆ ಹೋದರೂ ಅವನ ಕೈಚೀಲದಲ್ಲಿ ಒಂದು ಫ್ಲಾಸ್ಕು ಇರುತ್ತಿತ್ತು. ಕಾರಿನ ಒಡೆಯರು ಬಾಗಿಲಿಗೆ ಬಂದು, ಒಬ್ಬರೇ ಓಡಿಸಿದ ಗಾಡಿ, ಮಗುವಿನ ಹಾಗೆ ನೋಡಿಕೊಂಡಿದ್ದೇವೆ ಎಂದು ರಾಗ ಎಳೆಯುವ ಮೊದಲೇ ಒಂದು ಲೋಟ ಕಾಫಿ ಬಗ್ಗಿಸಿ ಅವರ ಕೈಗಿಡುತ್ತಿದ್ದ. ಇದನ್ನು ಕುಡಿಯುತ್ತಾ ಕೂತಿರಿ, ನನ್ನ ಕೆಲಸ ಮುಗಿಯುವವರೆಗೆ ಒಂದು ಮಾತೂ ಆಡಬೇಡಿ ಎನ್ನುತ್ತಿದ್ದ. ಕಾಫಿ ಕೊಟ್ಟವನ ಮೇಲೆ ರೇಗುವುದು ಕಷ್ಟ. ಎಂಥ ವಾಚಾಳಿಯೂ ಲೋಟ ಹಿಡಿದು ಕುಕ್ಕರುಬಡಿಯುತ್ತಿದ್ದ. ಮಾರುವವರ ಮಾತು ಕಿವಿಗೆ ಬಿದ್ದರೆ ಕೈ ಸುಳ್ಳು ಹೇಳುತ್ತದೆ ಎಂಬುದು ಮೂಸಣ್ಣನ ಸಿದ್ಧಾಂತ. ಹಾಗಾಗಿ ಜೀವಮಾನದಲ್ಲಿ ಮಾರುವವರ ಒಂದೇ ಒಂದು ಮಾತನ್ನೂ ಅವನು ನಂಬಿರಲಿಲ್ಲ.

ಅವನ ಕಸುಬೇ ಅದು. ಹಳೆಯ ಜಪಾನಿ ಸ್ಪೋರ್ಟ್ಸ್ ಕಾರುಗಳನ್ನು ಕೊಳ್ಳಬೇಕೆಂದವರ ಪರವಾಗಿ ಹೋಗಿ, ನೋಡಿ, ಕೊಳ್ಳಬಹುದೋ ಬಾರದೋ ಹೇಳುವುದು. ಅಂಥ ಕಾರು ಕೊಳ್ಳಲು ಬರುವವರು ಕಣ್ಣಿನಿಂದ ನೋಡುವುದಿಲ್ಲ, ತಮ್ಮ ಹದಿನೆಂಟನೆಯ ವಯಸ್ಸಿನಿಂದ ನೋಡುತ್ತಾರೆ. ಗುಂಡಿ ಒತ್ತಿದರೆ ಬಾನೆಟ್ಟಿನೊಳಗಿಂದ ಎದ್ದು ನಿಲ್ಲುವ ಆ ಜೋಡಿ ದೀಪಗಳನ್ನು ಕಂಡರೆ ಸಾಕು, ಮಂಡಿನೋವಿನ ಮಾವಂದಿರು ಕೂಡ ಹುಡುಗರಾಗಿಬಿಡುತ್ತಾರೆ. ಮೇಲೆ ಥಳುಕು, ಒಳಗೆ ಹುಳುಕು ಎಂದು ಹೇಳಲು ಪಕ್ಕದಲ್ಲೊಬ್ಬ ತಣ್ಣಗಿನ ಮನುಷ್ಯ ಬೇಕು. ಮೂಸಣ್ಣ ಆ ತಣ್ಣಗಿನ ಮನುಷ್ಯ.

ಅವನು ಮೊದಲು ಮುಟ್ಟುತ್ತಿದ್ದುದು ಬಾನೆಟ್ಟನ್ನು. ಅದು ತಣ್ಣಗಿರಬೇಕು. ಬಿಸಿಯಿದ್ದರೆ, ಇವನು ಬರುವ ಮೊದಲೇ ಯಾರೋ ಎಂಜಿನ್ ಓಡಿಸಿಟ್ಟಿದ್ದಾರೆ ಎಂದರ್ಥ. ಹಳೆ ಎಂಜಿನ್ನಿನ ರೋಗವೆಲ್ಲ ತಣ್ಣಗಿದ್ದು ಮೊದಲ ಸಲ ಎದ್ದಾಗಲೇ ಬಯಲಾಗುವುದು. ಆಗಿನ ನೀಲಿ ಹೊಗೆ, ಆಗಿನ ಟಿಕಟಿಕ ಸದ್ದು, ಬಿಸಿಯಾದ ಮೇಲೆ ಮಾಯ. ಬಾನೆಟ್ಟು ತಣ್ಣಗಿದ್ದರೆ ಮುಂದಿನ ಕೆಲಸ. ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವನ್ನು ಬಾಗಿಲ ಕೆಳಗಿನ ಹೊಸ್ತಿಲ ಉದ್ದಕ್ಕೂ, ಹಿಂದಿನ ಚಕ್ರದ ಕಮಾನಿನ ಸುತ್ತ ಎಳೆಯುತ್ತಿದ್ದ. ಅಂಟಿಕೊಳ್ಳದೆ ಜಾರಿದ ಕಡೆ ತಗಡು ತುಕ್ಕು ತಿಂದು ಹೋಗಿ, ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರೆ ಎಂದು ತಿಳಿಯುತ್ತಿತ್ತು. ಬಟ್ಟೆಯ ಛಾವಣಿಯ ಕಾರಾದರೆ ನೀರು ಇಳಿಯುವ ತೂತುಗಳಿಗೆ ತಂತಿ ತೂರಿಸುತ್ತಿದ್ದ. ಅವು ತರಗೆಲೆಯಿಂದ ಕಟ್ಟಿಕೊಂಡರೆ ನೀರು ಒಳಗೇ ನಿಂತು ಹೊಸ್ತಿಲನ್ನು ಒಳಗಿನಿಂದ ತಿನ್ನುತ್ತದೆ. ಮೀಟರಿನ ಅಂಕಿಯನ್ನು ನೋಡುತ್ತಲೇ ಇರಲಿಲ್ಲ. ಬ್ರೇಕ್ ಪೆಡಲಿನ ರಬ್ಬರು ಎಷ್ಟು ಸವೆದಿದೆ, ಸ್ಟೇರಿಂಗಿನ ಚರ್ಮ ಎಷ್ಟು ನುಣುಪಾಗಿದೆ ಎಂದು ನೋಡುತ್ತಿದ್ದ. ಮೀಟರನ್ನು ಹಿಂದಕ್ಕೆ ತಿರುಗಿಸಬಹುದು, ಕಾಲಿನ ಸವೆತವನ್ನು ತಿರುಗಿಸಲಾಗದು.

ಎಲ್ಲಕ್ಕಿಂತ ಕೊನೆಗೆ ಅವನ ದೊಡ್ಡ ವಿದ್ಯೆ. ಕಾರಿನೊಳಗೆ ಅರ್ಧ ಮೈ ತೂರಿಸಿ, ಕಾರ್ಪೆಟ್ಟಿಗೆ ಮೂಗು ಹಚ್ಚಿ, ಕಣ್ಣು ಮುಚ್ಚಿ ಮೂಸುವುದು. ನೀರು ಕುಡಿದ ಕಾರ್ಪೆಟ್ಟು, ಸುಟ್ಟ ಕ್ಲಚ್ಚು, ಎಂಜಿನ್ ಎಣ್ಣೆಯಲ್ಲಿ ಬೆರೆತ ಪೆಟ್ರೋಲು, ಯಾವುದೂ ಆ ಮೂಗಿನಿಂದ ತಪ್ಪಿಸಿಕೊಂಡದ್ದಿಲ್ಲ. ಹಳೆ ಕಾರುಗಳ ಗಲ್ಲಿಯಲ್ಲಿ ಅದಕ್ಕೇ ಆ ಹೆಸರು ಬಿತ್ತು. ನಿಜವಾದ ಹೆಸರು ಗೊತ್ತಿದ್ದವರು ಒಬ್ಬೊಬ್ಬರೇ ಕಡಿಮೆಯಾಗಿ, ಕೊನೆಗೆ ಹೆಂಡತಿಯೊಬ್ಬಳು ಉಳಿದಳು. ಅವಳು ಅದನ್ನು ಹೇಗೂ ಬಾಯಿಬಿಟ್ಟು ಕರೆಯುತ್ತಿರಲಿಲ್ಲ.

ಆ ಹೆಂಡತಿಯೂ ಈಗ ಮನೆಯಲ್ಲಿಲ್ಲ. ಜಗಳವಾಗಿ ಹೋದವಳಲ್ಲ, ದಣಿದು ಹೋದವಳು. ಹೊರಗೆ ಮೊಸರಿನಲ್ಲಿ ಕಲ್ಲು ಹುಡುಕಿ ಬದುಕುವವನು ಮನೆಗೆ ಬಂದು ಮೊಸರನ್ನು ಮೊಸರೆಂದು ತಿನ್ನುತ್ತಾನೆಯೇ? ಒಗೆದ ಟವೆಲನ್ನು ಮೂಸುತ್ತಿದ್ದ. ಸಾರಿನ ಪಾತ್ರೆಯ ಮುಚ್ಚಳ ತೆಗೆದು ಮೂಸಿ, ಏನೂ ಹೇಳದೆ ಮುಚ್ಚುತ್ತಿದ್ದ. ಆ ಏನೂ ಹೇಳದಿರುವುದು ಅವಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಅವಳ ಅಕ್ಕನ ಗಂಡ, ಅಂದರೆ ಮೂಸಣ್ಣನ ಷಡ್ಡಕ, ಯಾರನ್ನೂ ಕೇಳದೆ ಒಂದು ಹಳೆ ಕಾರು ಕೊಂಡಿದ್ದ. ಅದು ವರ್ಷಗಟ್ಟಲೆ ಒಂದು ಸಲವೂ ಕೆಮ್ಮದೆ ಓಡಿತು. ಮೂಸಣ್ಣ ಆ ಮನೆಗೆ ಹೋದಾಗೆಲ್ಲ ಊಟಕ್ಕೆ ಮುಂಚೆ ಅದರ ಬಾನೆಟ್ಟು ಎತ್ತಿ ನೋಡುತ್ತಿದ್ದ, ಇವತ್ತಾದರೂ ಏನಾದರೂ ಸಿಕ್ಕೀತೆಂದು. ಅಕ್ಕನ ಕಾಲು ಮುರಿದಾಗ ನೋಡಿಕೊಳ್ಳಲೆಂದು ಹೋದ ಹೆಂಡತಿ, ಅಕ್ಕ ಓಡಾಡತೊಡಗಿದ ಮೇಲೂ ಬರಲಿಲ್ಲ. ಯಾವಾಗ ಬರುತ್ತೀಯ ಎಂದು ಇವನು ಕೇಳಿದ್ದಕ್ಕೆ ಅವಳು ಫೋನಿನಲ್ಲಿ ಮೆಲ್ಲಗೆ ಒಂದು ಮಾತು ಹೇಳಿದಳು.

"ನಿಮಗೆ ಹುಳುಕು ಸಿಕ್ಕಿದ್ರೆ ಸಮಾಧಾನ, ಸಿಗದಿದ್ರೆ ಅನುಮಾನ. ನಂಗೆ ಇಲ್ಲಿ ಉಸಿರಾಡೋಕೆ ಆಗ್ತಿದೆ."

ಅವನು ಅದನ್ನು ತನ್ನ ಕಸುಬಿನ ಹೊಗಳಿಕೆಯೆಂದೇ ಎಷ್ಟೋ ದಿನ ತಿಳಿದಿದ್ದ. ಮನುಷ್ಯನಿಗೆ ತನ್ನ ಬೆನ್ನು ತನಗೆ ಕಾಣದು.

ಚಳಿಗಾಲದಲ್ಲಿ ಅವನಿಗೊಂದು ಜ್ವರ ಬಂತು. ಒಬ್ಬನೇ ಮಲಗಿದ್ದ, ಒಬ್ಬನೇ ಎದ್ದ. ಎದ್ದ ಕೆಲವು ದಿನಕ್ಕೆ ಒಂದು ಮಧ್ಯಾಹ್ನ ಹೊರಗಿನ ಕೋಣೆಯಲ್ಲಿ ಕೂತು ಪೇಪರು ಓದುತ್ತಿದ್ದಾಗ ಮೇಲಿನ ಮನೆಯ ಬಸ್ ಕಂಡಕ್ಟರು ಬಾಗಿಲು ಬಡಿದ. ಏನೋ ಸೀಯುತ್ತಿದೆಯಲ್ಲ, ಗಮನಿಸಲಿಲ್ಲವೇ ಎಂದು ಕೇಳುತ್ತಲೇ ಅಡುಗೆಮನೆಗೆ ನುಗ್ಗಿ ಒಲೆ ಆರಿಸಿದ. ಬೇಯಲಿಟ್ಟಿದ್ದ ಕಾಳು ಪಾತ್ರೆಯ ತಳದಲ್ಲಿ ಕಲ್ಲಿದ್ದಲಾಗಿತ್ತು. ಹೊಗೆ ಸೂರಿಗೆ ಮುಟ್ಟಿತ್ತು. ಮೂಸಣ್ಣ ನೆಗಡಿ ಎಂದ. ಕಂಡಕ್ಟರು ಕಿಟಕಿ ತೆರೆದು ಹೋದ ಮೇಲೆ ಅವನು ಸಾಬೂನನ್ನು ಮೂಸಿದ, ನಿಂಬೆಹಣ್ಣು ಕೊಯ್ದು ಮೂಸಿದ. ಕೊನೆಗೆ ಕೈಚೀಲದಿಂದ ಪೆಟ್ರೋಲಿನ ಸೀಸೆ ತೆಗೆದು ಬಟ್ಟೆ ಅದ್ದಿ ಮೂಗಿಗೆ ಹಿಡಿದ. ಒದ್ದೆ ಬಟ್ಟೆ, ಅಷ್ಟೆ. ನೀರೂ ಅದೇ, ಪೆಟ್ರೋಲೂ ಅದೇ. ಮಂಚದ ಮೇಲೆ ಕೂತು ಸುಮಾರು ಹೊತ್ತು ಆ ಬಟ್ಟೆಯನ್ನು ಹಾಗೇ ಹಿಡಿದುಕೊಂಡಿದ್ದ. ಅವನಿಗೆ ಹೆದರಿಕೆಯಾಯಿತು, ಹೇಳಿಕೊಳ್ಳಲು ಯಾರೂ ಇರಲಿಲ್ಲ.

ವಾಪಸ್ಸು ಬಂದರೂ ಬಂದೀತು, ಬಾರದಿದ್ದರೂ ಇಲ್ಲ ಎಂದರು ಡಾಕ್ಟರು. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಆ ಮಾತು. ಮೂಸಣ್ಣ ಯಾರಿಗೂ ಹೇಳದೆ ಕೆಲಸಕ್ಕೆ ಹೊರಟ. ಅಯಸ್ಕಾಂತವಿದೆ, ಕಣ್ಣಿದೆ, ಕಿವಿಯಿದೆ, ಅನುಭವವಿದೆ. ಕಾರಿನೊಳಗೆ ಮೊದಲಿನಂತೆಯೇ ಮೈ ತೂರಿಸಿ ಮೂಗು ಹಚ್ಚುತ್ತಿದ್ದ, ಕಣ್ಣು ಮುಚ್ಚುತ್ತಿದ್ದ, ಹ್ಞೂಂ ಎನ್ನುತ್ತಿದ್ದ. ನಾಟಕ ಚೆನ್ನಾಗಿಯೇ ನಡೆಯುತ್ತಿತ್ತು, ಡ್ರಾಯಿಂಗ್ ಮೇಷ್ಟ್ರ ಕಾರು ಬರುವವರೆಗೆ.

ಮೇಷ್ಟ್ರಿಗಾಗಿ ಅವನು ಒಂದು ಬಿಳಿ ಕಾರನ್ನು ನೋಡಿ, ಧಾರಾಳವಾಗಿ ಕೊಳ್ಳಿ ಎಂದಿದ್ದ. ಮಾರುವವರು ಒದ್ದೆ ಕಾರ್ಪೆಟ್ಟನ್ನು ಕೂದಲು ಒಣಗಿಸುವ ಯಂತ್ರದಿಂದ ಮೇಲೆ ಮೇಲೆ ಒಣಗಿಸಿಟ್ಟಿದ್ದರು. ಮುಟ್ಟಿದರೆ ಒಣ, ಮೂಸಿದ್ದರೆ ಗೊತ್ತಾಗುತ್ತಿತ್ತು. ಸ್ವಲ್ಪ ದಿನದಲ್ಲೇ ಗಾಜುಗಳು ಒಳಗಿನಿಂದ ಬೆವರತೊಡಗಿದವು. ಮೇಷ್ಟ್ರು ಕಾರ್ಪೆಟ್ಟು ಎತ್ತಿ ನೋಡಿದರೆ ಸೀಟಿನ ಕೆಳಗೆ ಅಣಬೆ ಎದ್ದಿತ್ತು. ಒಳ್ಳೆಯ ಮನುಷ್ಯ, ಜಗಳಕ್ಕೆ ಬರಲಿಲ್ಲ. ಅಣಬೆಯ ಒಂದು ಚಿತ್ರ ಬರೆದು ಗಲ್ಲಿಗೆ ಕಳಿಸಿಕೊಟ್ಟರು. ಮೂಸಣ್ಣನಿಗೆ ಗಿರಾಕಿಗಳನ್ನು ಹೊಂದಿಸುತ್ತಿದ್ದ ದಲ್ಲಾಳಿ ಅದನ್ನು ಅಂಗಡಿಯ ಗೋಡೆಗೆ ಅಂಟಿಸಿ ಹೊಟ್ಟೆ ಹಿಡಿದು ನಕ್ಕ. ನಗುತ್ತಲೇ, ಯಾಕಣ್ಣ, ನಿನ್ನ ಮೂಗು ರಜೆ ಹಾಕಿತ್ತಾ ಎಂದು ಕೇಳಿದ. ಬರಿ ತಮಾಷೆ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮೂಸಣ್ಣನ ಕೈ ತಾನಾಗಿ ಮೂಗಿಗೆ ಹೋಯಿತು. ದಲ್ಲಾಳಿ ನಗು ನಿಲ್ಲಿಸಿ ಒಂದು ಗಳಿಗೆ ಅವನನ್ನೇ ನೋಡಿದ. ಇನ್ನೊಂದು ಸಲ ಹೀಗಾದರೆ ಗಲ್ಲಿಯಲ್ಲಿ ನಿನ್ನ ಹೆಸರು ಹೇಳೋದು ಕಷ್ಟ ಎಂದ. ಅವನಿಗೆ ಇದ್ದದ್ದೇ ಆ ಒಂದು ಹೆಸರು.

ಆಮೇಲೆ ಬಂದದ್ದು ನೀಲಿ ಕಾರಿನ ಕೆಲಸ. ಕೊಳ್ಳಬೇಕೆಂದಿದ್ದವನು ನಿವೃತ್ತ ಆಂಬುಲೆನ್ಸ್ ಡ್ರೈವರು. ಇಡೀ ಜೀವಮಾನ ಹಿಂದೆ ಯಾರನ್ನೋ ಮಲಗಿಸಿಕೊಂಡೇ ಗಾಡಿ ಓಡಿಸಿದ್ದೇನೆ, ಈಗ ಹಿಂದೆ ಸೀಟೇ ಇಲ್ಲದ ಕಾರು ಬೇಕು ಎಂದು ಅವನು ಹೇಳಿದಾಗ ಮೂಸಣ್ಣನಿಗೂ ನಗು ಬಂತು. ಒಳ್ಳೆ ಗಾಡಿ ತೋರಿಸಿ, ನಾನು ಗಾಡಿ ಕೊಂಡದ್ದೇ ಇಲ್ಲ, ಕೊಟ್ಟದ್ದನ್ನು ಓಡಿಸಿದವನು ಎಂದು ಅವನು ಕೈ ಹಿಡಿದುಕೊಂಡ.

ಆ ರಾತ್ರಿ ಮೂಸಣ್ಣ ಒಂದು ತೀರ್ಮಾನಕ್ಕೆ ಬಂದ. ಕೊಳ್ಳಿ ಎಂದವನು ಸಿಕ್ಕಿಬೀಳುತ್ತಾನೆ. ಬೇಡ ಎಂದವನನ್ನು ಹಿಡಿಯುವವರು ಯಾರು? ಕೊಳ್ಳದ ಕಾರಿನಲ್ಲಿ ಅಣಬೆ ಏಳುವುದಿಲ್ಲ. ಈ ನೀಲಿ ಕಾರು ಹೇಗೇ ಇರಲಿ, ಏನಾದರೊಂದು ನೆವ ತೆಗೆದು ಬೇಡ ಎಂದುಬಿಡುವುದು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಕಾರಿನ ಒಡೆಯರು ಯಾರೋ, ಅವರಿಗೆ ಬೇರೆ ಗಿರಾಕಿ ಸಿಗುತ್ತಾನೆ. ಮನುಷ್ಯ ಅನ್ಯಾಯ ಮಾಡಲು ಹೊರಟಾಗ ಎದುರಿನವರಿಗೆ ಬೇರೆ ದಾರಿ ಇದೆ ಎಂದು ಮೊದಲು ತನ್ನನ್ನೇ ನಂಬಿಸಿಕೊಳ್ಳುತ್ತಾನೆ.

ಕಾರು ಒಬ್ಬ ದರ್ಜಿಯ ಮನೆಯದು. ಐವತ್ತು ದಾಟಿದ ಹೆಂಗಸು, ಕುತ್ತಿಗೆಗೆ ಅಳತೆ ಟೇಪು, ರವಿಕೆಯ ಅಂಚಿಗೆ ಸಾಲಾಗಿ ಗುಂಡುಸೂಜಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಅದರ ಪಕ್ಕದಲ್ಲಿ ಮಹಡಿಗೆ ಹೋಗುವ ಕಡಿದಾದ ಮರದ ಮೆಟ್ಟಿಲು, ಹಿಂದೆ ತಗಡಿನ ಷೆಡ್ಡು. ಮೂಸಣ್ಣ ಎಂದಿನಂತೆ ಕಾಫಿ ಬಗ್ಗಿಸಿ ಕೊಟ್ಟು, ಎಂದಿನಂತೆ ಮಾತು ಬೇಡ ಎಂದ. ಅವಳು ಷೆಡ್ಡಿನ ಮೂಲೆಯ ಸ್ಟೂಲಿನ ಮೇಲೆ ಕೂತಳು. ಕೂತವಳು ಒಂದು ಗುಟುಕು ಕುಡಿದು ಲೋಟದೊಳಗೆ ಇಣುಕಿದಳು. ಬಾಯಿ ತೆರೆದಳು, ಮುಚ್ಚಿದಳು.

ಮೂಸಣ್ಣ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಬೆಚ್ಚಗಿತ್ತು.

ಅವನಿಗೆ ಖುಷಿಯಾಯಿತು ಎಂದೇ ಹೇಳಬೇಕು. ಹುಡುಕುವ ಮೊದಲೇ ನೆವ ಕಾಲಿಗೆ ತೊಡರಿತ್ತು. ಆದರೂ ಅಭ್ಯಾಸಬಲ, ಪೂರ್ತಿ ನೋಡದೆ ಕೈ ಬಿಡಲಿಲ್ಲ. ಅಯಸ್ಕಾಂತ ಹೊಸ್ತಿಲಿನ ಈ ತುದಿಯಿಂದ ಆ ತುದಿಯವರೆಗೆ ಜಿಗಣೆಯ ಹಾಗೆ ಕಚ್ಚಿಕೊಂಡೇ ಬಂತು. ನೀರಿನ ತೂತುಗಳಲ್ಲಿ ತಂತಿ ಸಲೀಸಾಗಿ ಇಳಿಯಿತು. ಬಾಗಿಲಿಗೂ ಮೈಗೂ ನಡುವಿನ ಸಂದು ಎರಡೂ ಕಡೆ ಒಂದೇ ಸಮ, ಎಲ್ಲೂ ಡಿಕ್ಕಿಯ ಗುರುತಿಲ್ಲ. ಬಾನೆಟ್ಟಿನ ಬೋಲ್ಟುಗಳಿಗೆ ಸ್ಪಾನರ್ ತಾಗಿದ ಗೀರಿಲ್ಲ, ಅಂದರೆ ಒಮ್ಮೆಯೂ ಬಿಚ್ಚಿದ್ದಲ್ಲ. ಪುಂಡರ ಕೈಗೆ ಸಿಕ್ಕು ಗುಡುಗುವ ಸೈಲೆನ್ಸರ್ ಹಾಕಿಸಿಕೊಂಡ ಗಾಡಿಯಲ್ಲ. ಎರಡನೆಯ ಗೇರು, ಈ ಜಾತಿಯ ಕಾರುಗಳಲ್ಲಿ ಹಲ್ಲು ಕಡಿಯುವ ಗೇರು, ಬೆಣ್ಣೆಯಲ್ಲಿ ಕೂದಲೆಳೆದಂತೆ ಕೂತಿತು. ದೀಪದ ಗುಂಡಿ ಒತ್ತಿದ. ಒಂದು ದೀಪ ಥಟ್ಟನೆ ಎದ್ದಿತು, ಇನ್ನೊಂದು ಬೆಳಗಿನ ಜಾವ ಎಬ್ಬಿಸಿದ ಮಗುವಿನ ಹಾಗೆ ನಿಧಾನಕ್ಕೆ ಎದ್ದಿತು. ಅಷ್ಟೇ ದೋಷ. ಇಷ್ಟು ಒಳ್ಳೆಯ ಕಾರನ್ನು ಅವನು ಎಷ್ಟೋ ವರ್ಷದಿಂದ ನೋಡಿರಲಿಲ್ಲ, ಅದಕ್ಕೇ ಸಿಟ್ಟು ಬಂತು.

ಕೊನೆಗೆ ಕಾರಿನೊಳಗೆ ತೂರಿ ಕಾರ್ಪೆಟ್ಟಿಗೆ ಮೂಗು ಹಚ್ಚಿದ. ಏನೂ ಇಲ್ಲ. ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಎದ್ದು ಕೈ ಒರೆಸಿಕೊಂಡ.

"ಇದನ್ನ ತಗೊಳ್ಳಿ ಅಂತ ಹೇಳೋಕಾಗಲ್ಲ," ಎಂದ. "ನಾನು ಬರೋ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದೀರಿ. ಮುಚ್ಚಿಡೋದು ಏನೋ ಇದ್ದೋರು ಮಾಡೋ ಕೆಲಸ ಅದು."

ಈಗ ಮಾತಾಡಬಹುದೇ ಎಂದು ಅವಳು ಕೇಳಿದಳು. ಅವನು ತಲೆಯಾಡಿಸಿದ. ಕಾರು ಅವಳದಲ್ಲ, ಅಣ್ಣನದು. ಅಣ್ಣ ಮದುವೆಯಾಗಲಿಲ್ಲ, ಈ ಕಾರನ್ನೇ ಕಟ್ಟಿಕೊಂಡ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಅವನ ಮೈಯ ಒಂದು ಪಕ್ಕ ಸತ್ತುಹೋಯಿತು, ಅಂದಿನಿಂದ ಮೇಲಿನ ಕೋಣೆಯಲ್ಲಿ ಮಲಗಿದ್ದಾನೆ. ಆ ಮೆಟ್ಟಿಲಲ್ಲಿ ಅವನನ್ನು ಇಳಿಸಲು ಇಬ್ಬರು ಗಂಡಸರು ಬೇಕು. ಷೆಡ್ಡನ್ನೇ ಕೋಣೆ ಮಾಡಿ ಕೆಳಗೆ ತಂದರೆ ಬಾಗಿಲಲ್ಲಿ ಕೂರಿಸಿ ಬೀದಿಯನ್ನಾದರೂ ತೋರಿಸಬಹುದು. ಕಾರು ನಿಂತಿದ್ದ ಜಾಗದಲ್ಲೇ ಮಂಚ ಬರುತ್ತದೆ. ಇಷ್ಟನ್ನು ಅವಳು ಅಳತೆ ಓದಿ ಹೇಳುವ ದನಿಯಲ್ಲಿ ಹೇಳಿದಳು.

"ದಿನಾ ಬೆಳಗ್ಗೆ ಒಂದ್ಸಲ ಸ್ಟಾರ್ಟ್ ಮಾಡ್ತೀನಿ. ಅದರ ಸದ್ದು ಕೇಳಿದ್ರೆ ಬಾಯಿ ತೆಗೀತಾನೆ, ಆಗ ಎರಡು ತುತ್ತು ತಿನ್ನಿಸ್ತೀನಿ. ತಣ್ಣಗಿರಬೇಕು ಅಂತ ನಂಗ್ಯಾರೂ ಹೇಳಲಿಲ್ಲ."

ಕಥೆ ಇಲ್ಲದ ಮಾರುವವರೇ ಇಲ್ಲ. ಸತ್ತ ಗಂಡ, ಮಗಳ ಮದುವೆ, ವರ್ಗಾವಣೆ, ಎಲ್ಲವನ್ನೂ ಮೂಸಣ್ಣ ಕೇಳಿದ್ದ. ಇದನ್ನೂ ಆ ಲೆಕ್ಕಕ್ಕೇ ಹಾಕಿ ಕೈಚೀಲಕ್ಕೆ ಅಯಸ್ಕಾಂತ ತುಂಬತೊಡಗಿದ. ಅವಳು ಲೋಟ ಚಾಚಿದಳು. ಅದು ತುಂಬಿಯೇ ಇತ್ತು.

"ಇನ್ನೊಂದು ಮಾತು. ಏನೂ ಹೇಳಬೇಡಿ ಅಂದಿದ್ರಿ ಅಂತ ಸುಮ್ನಿದ್ದೆ. ನಿಮ್ಮ ಕಾಫಿಗೆ ಹಾಕಿರೋ ಹಾಲು ಸೀದಿದೆ."

ಮೂಸಣ್ಣನ ಕೈ ಚೀಲದೊಳಗೇ ನಿಂತಿತು. ಸ್ವಲ್ಪವೇ ಎಂದು ಕೇಳಿದ. ಬಾಯಿಗಿಡಲು ಆಗದಷ್ಟು ಎಂದಳು. ಫ್ಲಾಸ್ಕು ತೆರೆದ ಕೂಡಲೇ ಷೆಡ್ಡೆಲ್ಲ ಸೀದ ವಾಸನೆ ತುಂಬಿತಂತೆ.

ಅವನು ಕಾರಿನ ಹೊಸ್ತಿಲ ಮೇಲೆ ಕೂತ. ಅವತ್ತೊಂದು ದಿನದ್ದಲ್ಲ ಅದು ಎಂದು ಹೊಳೆಯಿತು. ಚಳಿಗಾಲದಿಂದೀಚೆಗೆ ಹಾಲು ಒಲೆಯ ಮೇಲಿಟ್ಟು ಕಾರಿನ ಫೋಟೊಗಳನ್ನು ನೋಡುತ್ತಾ ಕೂರುತ್ತಿದ್ದ. ಪಾತ್ರೆ ಉಜ್ಜುವಾಗ ತಳ ಕಪ್ಪಾಗಿರುವುದನ್ನು ಕಂಡಿದ್ದ, ಪಾತ್ರೆ ಹಳೆಯದು ಎಂದುಕೊಂಡಿದ್ದ. ಮೂಗಿನ ಜೊತೆ ನಾಲಿಗೆಯ ರುಚಿಯೂ ಹೋಗಿದ್ದರಿಂದ ಕುಡಿದರೂ ತಿಳಿದಿರಲಿಲ್ಲ. ಎಷ್ಟು ಮನೆಗಳಲ್ಲಿ, ಎಷ್ಟು ಜನರಿಗೆ ಈ ಕಾಫಿ ಕೊಟ್ಟಿರಬೇಕು! ಒಬ್ಬ ಹೂವಿನ ಕುಂಡದ ಕಡೆ ತಿರುಗಿ ಕೂತಿದ್ದು ನೆನಪಾಯಿತು. ಇನ್ನೊಬ್ಬಳು ಗಟಗಟನೆ ಕುಡಿದು, ಬಹಳ ಚೆನ್ನಾಗಿದೆ ಸಾರ್ ಎಂದಿದ್ದಳು. ಅವರಿಗೆ ಕಾರು ಮಾರಬೇಕಿತ್ತು. ಮನೆಯಲ್ಲಿ ಒಂದು ಜೀವ ಇದ್ದಿದ್ದರೆ ಮೊದಲ ದಿನವೇ, ಏನ್ರೀ ಇದು, ಹಾಲು ಸೀಯಿಸಿದ್ದೀರಿ ಎಂದು ಬೈದು ಮುಗಿಸುತ್ತಿತ್ತು. ಬೈಯುವವರಿಲ್ಲದ ಮನೆ ಎಷ್ಟು ದೊಡ್ಡದು ಎಂದು ಅವನಿಗೆ ಆ ಷೆಡ್ಡಿನಲ್ಲಿ ಗೊತ್ತಾಯಿತು.

"ನಂಗೆ ವಾಸನೆ ಗೊತ್ತಾಗಲ್ಲ," ಎಂದ. "ಜ್ವರ ಬಂದಾಗಿಂದ."

ಹಾಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಷೆಡ್ಡು ಬೀಳಲಿಲ್ಲ. ಅವಳು ಲೋಟವನ್ನು ಕೆಳಗಿಟ್ಟು, ಹಾಗಾದರೆ ಈಗ ಕಾರಿನೊಳಗೆ ಮೂಸಿದ್ದು ಎಂದು ಕೇಳಿದಳು. ನಾಟಕ ಎಂದ. ಅವಳು ನಗಲಿಲ್ಲ.

ಆಮೇಲೆ ಮೂಸಣ್ಣ ತನ್ನ ಕಸುಬಿನಲ್ಲಿ ಎಂದೂ ಮಾಡದ ಕೆಲಸ ಮಾಡಿದ. ಮಾರುವವರನ್ನೇ ಕೇಳಿದ.

"ನೀವು ಮೂಸಿ ಹೇಳ್ತೀರಾ?"

ಅವಳು ಟೇಪನ್ನು ಕುತ್ತಿಗೆಯಿಂದ ತೆಗೆದು ಮೊಳೆಗೆ ತಗುಲಿಸಿ ಕಾರಿನೊಳಗೆ ಬಗ್ಗಿದಳು. ಮೊದಲು ಕಾರ್ಪೆಟ್ಟು. ಬಟ್ಟೆ ಅವಳ ಲೋಕ. ಒದ್ದೆಯದಲ್ಲ, ಪೆಟ್ಟಿಗೆಯಲ್ಲಿ ಬಹಳ ಕಾಲ ಮಡಿಸಿಟ್ಟ ಒಣ ಬಟ್ಟೆಯ ವಾಸನೆ ಎಂದಳು. ಎಂಜಿನ್ನಿನ ಎಣ್ಣೆಕಡ್ಡಿಯನ್ನು ಎಳೆದು ಅವಳ ಮುಂದೆ ಹಿಡಿದ. ಹೊಲಿಗೆ ಯಂತ್ರದ ಎಣ್ಣೆಯೇ, ಸ್ವಲ್ಪ ಸುಟ್ಟದ್ದು, ಪೆಟ್ರೋಲಿಲ್ಲ ಎಂದಳು. ಕ್ಲಚ್ಚಿನ ಹತ್ತಿರ ಏನೂ ಇಲ್ಲ. ಮೂಸಣ್ಣನಿಗೆ ಎದೆ ಹಗುರಾಗುತ್ತಾ ಬಂತು. ಕೊನೆಗೆ ಕೀ ತಿರುಗಿಸಿ, ಬಿಸಿಗಾಳಿಯ ಗುಂಡಿ ಹಾಕಿ, ಗಾಳಿ ಬರುವ ಜಾಲರಿಗೆ ಮೂಗು ಹಿಡಿಯಲು ಹೇಳಿದ.

ಅವಳು ಮೂಸಿದಳು. ಹಿಂದೆ ಸರಿದಳು. ಮಾತಾಡಲಿಲ್ಲ.

ಆ ಮೌನ ಅವನಿಗೆ ಗೊತ್ತಿತ್ತು. ಮಾರುವವರು ಹೇಳಲೋ ಬೇಡವೋ ಎಂದು ತೂಗುವ ಮೌನ. ಅವಳು ಏನೂ ಇಲ್ಲ ಎಂದರೆ ಅವನ ಬಳಿ ತಿರುಗಿ ಕೇಳಲು ಏನೂ ಇರಲಿಲ್ಲ. ಮೇಲಿನ ಕೋಣೆಯಲ್ಲಿ ಯಾರೋ ಕೆಮ್ಮಿದರು. ಅವಳು ಸೂರಿನ ಕಡೆ ನೋಡಿದಳು, ಮತ್ತೆ ಇವನ ಕಡೆ ನೋಡಿದಳು.

"ಸಿಹಿಯಾಗಿದೆ. ಮಕ್ಕಳಿಗೆ ಕೊಡೋ ಔಷಧಿ ಥರ. ಅದು ಒಳ್ಳೇದಾ?"

"ಒಳ್ಳೇದಲ್ಲ."

"ಅಂದ್ಕೊಂಡೆ. ವಾಸನೆ ಇದೆ ಅಂತಲೇ ಹೇಳಿ, ಕೊಳ್ಳೋರಿಗೆ."

ಎಂಜಿನ್ನನ್ನು ತಂಪಾಗಿಡುವ ನೀರಿಗೆ ಬೆರೆಸುವ ರಾಸಾಯನಿಕದ ವಾಸನೆ ಅದು. ಡ್ಯಾಶ್‌ಬೋರ್ಡಿನ ಹಿಂದೆ ಬಿಸಿಗಾಳಿಯ ಪೆಟ್ಟಿಗೆ ಎಲ್ಲೋ ಕಣ್ಣಿಗೆ ಕಾಣದಷ್ಟು ಸೋರುತ್ತಿತ್ತು. ಈಗ ಹಿಡಿದರೆ ಸಣ್ಣ ರಿಪೇರಿ. ಬಿಟ್ಟರೆ ಒಂದು ದಿನ ದೂರದ ದಾರಿಯಲ್ಲಿ ನೀರು ಬತ್ತಿ, ಎಂಜಿನ್ ಕುದ್ದು, ಅದರ ಮೇಲಿನ ಹೆಡ್ಡು ಸೊಟ್ಟಗಾಗಿ, ಕಾರು ಗುಜರಿ. ಮೂಸಣ್ಣ ಲೆಕ್ಕ ಹಾಕಿದ. ಬೇಡ ಎಂದು ಹೋಗಿದ್ದರೆ ಒಂದು ಒಳ್ಳೆ ಕಾರಿಗೆ ಮೋಸ. ಮೂಸಿದ ನಾಟಕವಾಡಿ ಕೊಳ್ಳಿ ಎಂದಿದ್ದರೆ ಆಂಬುಲೆನ್ಸಿನವನಿಗೆ ಮೋಸ. ಮೊದಲನೆಯದಕ್ಕೆ ಅವನು ತಯಾರಾಗಿಯೇ ಬಂದಿದ್ದ, ಎರಡನೆಯದನ್ನು ಮೇಷ್ಟ್ರಿಗೆ ಆಗಲೇ ಮಾಡಿದ್ದ. ನಾಚಿಕೆಯಾಯಿತು.

ನಾಳೆ ತಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ, ಅಣ್ಣನ ತಿಂಡಿ ಸ್ವಲ್ಪ ತಡವಾದೀತು ಎಂದು ಹೇಳಿ ಹೊರಟ. ಮರುದಿನ ಬೆಳಗ್ಗೆ ಫ್ಲಾಸ್ಕಿಲ್ಲದೆ ಹೋದ. ಬಾನೆಟ್ಟು ಕಲ್ಲಿನಂತೆ ತಣ್ಣಗಿತ್ತು. ಅವಳು ಕೀ ತಿರುಗಿಸಿದಳು. ಎಂಜಿನ್ ಒಂದೇ ಸಲಕ್ಕೆ ಎದ್ದು, ಗಂಟಲು ಸರಿಮಾಡಿಕೊಂಡು, ಸಮವಾಗಿ ಗುನುಗತೊಡಗಿತು. ನೀಲಿ ಹೊಗೆಯಿಲ್ಲ, ಟಿಕಟಿಕವಿಲ್ಲ. ಅವಳು ತಟ್ಟೆ ಹಿಡಿದು ಮೆಟ್ಟಿಲೇರಿ ಹೋದಳು. ಮೂಸಣ್ಣ ಎಂಜಿನ್ ಆರಿಸದೆ ಅಲ್ಲೇ ನಿಂತಿದ್ದ. ಅವನ ಕೆಲಸಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ. ಅವಳು ಖಾಲಿ ತಟ್ಟೆಯೊಂದಿಗೆ ಇಳಿದು ಬಂದ ಮೇಲೆ ಆರಿಸಿದ.

ಷೆಡ್ಡಿನಿಂದಲೇ ಆಂಬುಲೆನ್ಸ್ ಡ್ರೈವರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದ. ಕಾರು ಒಳ್ಳೆಯದು, ಬಿಸಿಗಾಳಿಯ ಪೆಟ್ಟಿಗೆ ಬದಲಾಯಿಸಬೇಕು, ಒಂದು ದೀಪ ಸೋಮಾರಿ. ಮೂಸಿದ್ದು ನಾನಲ್ಲ, ನನ್ನ ಮೂಗು ಹೋಗಿದೆ, ಮೂಸಿದ್ದು ಮಾರುವವರೇ ಎಂದೂ ಹೇಳಿದ. ಮಾರುವವರ ಮಾತನ್ನು ನಂಬಲೇಬೇಡಿ ಎಂದವರು ನೀವೇ ಅಲ್ಲವೇ ಎಂದು ಡ್ರೈವರು ಕೇಳಿದ.

"ಹೌದು. ಆದ್ರೆ ನನ್ನ ಕಾಫಿ ಕೆಟ್ಟಿದೆ ಅಂತ ಹೇಳಿದ್ದು ಇವರೊಬ್ಬರೇ."

ಡ್ರೈವರು ನಕ್ಕ. ಬಂದು ನೋಡುತ್ತೇನೆ, ರಿಪೇರಿಯನ್ನು ನಾನೇ ಮಾಡಿಸಿಕೊಳ್ಳುತ್ತೇನೆ ಎಂದ. ಅವನಿಂದ ದಲ್ಲಾಳಿಗೆ, ದಲ್ಲಾಳಿಯಿಂದ ಇಡೀ ಗಲ್ಲಿಗೆ ಸುದ್ದಿ ಸಂಜೆಯೊಳಗೆ ಮುಟ್ಟುತ್ತದೆ ಎಂದು ಮೂಸಣ್ಣನಿಗೆ ಗೊತ್ತಿತ್ತು. ನಾಳೆಯಿಂದ ಯಾರು ಕರೆಯುತ್ತಾರೋ, ಯಾವ ಹೆಸರಿನಿಂದ ಕರೆಯುತ್ತಾರೋ. ದರ್ಜಿ ಬಾಗಿಲವರೆಗೆ ಬಂದಳು. ಹಾಲಿಗೆ ಮೊದಲು ಪಾತ್ರೆಗೆ ಸ್ವಲ್ಪ ನೀರು ಹಾಕಿಕೊಳ್ಳಿ, ತಳ ಹಿಡಿಯುವುದಿಲ್ಲ ಎಂದಳು. ಅವನು ತಲೆಯಾಡಿಸಿ ಬೀದಿಗಿಳಿದ.

ಸಂಜೆ ಮನೆಯಲ್ಲಿ ಪಾತ್ರೆಗೆ ನೀರು ಹಾಕಿ, ಮೇಲೆ ಹಾಲು ಹಾಕಿ, ಒಲೆಯ ಮೇಲಿಟ್ಟ. ಅದರ ಮುಂದೆಯೇ ನಿಲ್ಲಬೇಕೆಂದುಕೊಂಡಿದ್ದ. ಆದರೆ ಫೋನು ಹೊರಗಿನ ಕೋಣೆಯಲ್ಲಿತ್ತು, ಕಾಲು ಅತ್ತ ಹೋಯಿತು. ಹೆಂಡತಿಯ ನಂಬರು ಒತ್ತಿದ. ಅವಳು ಎತ್ತಿಕೊಂಡಳು. ಅಕ್ಕನ ಕಾಲು ಹೇಗಿದೆ, ಷಡ್ಡಕನ ಕಾರು ಓಡುತ್ತಿದೆಯೇ ಎಂದು ಕೇಳಲು ಬಾಯಿ ತೆರೆದವನು ಬೇರೆಯೇ ಹೇಳಿದ.

"ನನ್ನ ಮೂಗು ಹೋಗಿದೆ. ಏನೂ ವಾಸನೆ ಬರಲ್ಲ."

ಯಾವಾಗಿನಿಂದ ಎಂದು ಅವಳು ಕೇಳಿದಳು. ಚಳಿಗಾಲದಿಂದ ಎಂದ. ಜ್ವರ ಬಂದದ್ದನ್ನೂ ಆಗಲೇ ಹೇಳಿದ. ಯಾಕೆ ಹೇಳಲಿಲ್ಲ ಎಂದು ಅವಳು ಕೇಳಲಿಲ್ಲ. ಅವಳು ಮರಳಿ ಬರುತ್ತೇನೆ ಎನ್ನಲಿಲ್ಲ, ಅವನು ಬಾ ಎನ್ನಲಿಲ್ಲ. ಬಾ ಎನ್ನಲು ತನಗೆ ಯಾವ ಮುಖವಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

"ಈಗ ಒಲೆ ಮೇಲೆ ಏನಾದ್ರೂ ಇಟ್ಟಿದೀರಾ?" ಎಂದಳು.

"ಹಾಲು."

"ಫೋನ್ ಕೆಳಗಿಟ್ಟು ಹೋಗಿ ನೋಡಿ."

ಅವನು ಓಡಿದ. ಹಾಲು ಪಾತ್ರೆಯ ಅಂಚಿಗೆ ಬಂದು ನಿಂತಿತ್ತು. ಒಲೆ ಆರಿಸಿ, ಅದು ಮೆಲ್ಲಗೆ ಇಳಿಯುವುದನ್ನು ನೋಡಿದ. ಸೌಟು ಹಾಕಿ ತಳ ಕೆರೆದು ನೋಡಿದ, ಹಿಡಿದಿರಲಿಲ್ಲ. ಮರಳಿ ಬಂದು ಫೋನು ಕಿವಿಗಿಟ್ಟುಕೊಂಡ. ಆ ಕಡೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಅವಳು ಫೋನ್ ಇಟ್ಟಿರಲಿಲ್ಲ.